ಹಿತ್ತಲ ಪೌಳಿಯ ಮಂಗರವಳ್ಳಿ

ಹಿತ್ತಲ ಗಿಡ ಮದ್ದಲ್ಲ ಎಂದು ಯಾರಾದರೂ ಗಾದೆ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಹಿತ್ತಲಲ್ಲಿದ್ದದ್ದು ಮದ್ದೇ ಆಗಿತ್ತು. ಅದು ತನ್ನ ಕೆಲಸವನ್ನು ನಿಯತ್ತಾಗಿ ಮಾಡಿಕೊಂಡೇ ಬಂದಿತ್ತು. ಕೆಟ್ಟದ್ದು ಮನುಷ್ಯರಿಂದ, ಅದರಲ್ಲೂ ಒಂದು ಪಾಲು ನನ್ನಿಂದ. ವಯಸ್ಸು ಎಂಬತ್ತರ ಹತ್ತಿರ ಬಂತು. ಈಗಲೂ ಬರೆಯದಿದ್ದರೆ ಇನ್ನು ಬರೆಯುವುದಿಲ್ಲ.

ನಮ್ಮೂರು ಕೆರೂರಿನಿಂದ ಎರಡು ಹರದಾರಿ. ಆಗ ಇನ್ನೂ ಏಕೀಕರಣ ಆಗಿರಲಿಲ್ಲ, ನಾವು ಮುಂಬಯಿ ಸರಕಾರದ ಪ್ರಜೆಗಳು. ಅಪ್ಪ ಕಲಾದಗಿ ಕಡೆಯ ಹಳ್ಳಿಯೊಂದರಲ್ಲಿ ಸಾಲಿ ಮಾಸ್ತರ. ಶನಿವಾರ ಸಂಜೆ ಬಂದವನು ಸೋಮವಾರ ಬೆಳಗಿನ ಬಸ್ಸಿಗೆ ಹೋಗಿಬಿಡುತ್ತಿದ್ದ. ಉಳಿದ ದಿನ ಮನೆಯಲ್ಲಿ ಅವ್ವ, ಅಪ್ಪನ ತಾಯಿಯಾದ ಅಜ್ಜಿ ಮತ್ತು ಹತ್ತು ವರ್ಷದ ನಾನು, ಮೂವರೇ.

ಅಜ್ಜಿ ಮಡಿ ಹೆಂಗಸು. ಇಪ್ಪತ್ತರ ಒಳಗೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟವಳು. ತನ್ನ ಅಡಿಗೆಯನ್ನು ತಾನೇ ಮಾಡಿಕೊಳ್ಳಬೇಕು, ತನ್ನ ನೀರನ್ನು ತಾನೇ ಸೇದಿಕೊಳ್ಳಬೇಕು. ಅವ್ವ ಮಾಡಿದ್ದನ್ನು ಸಹ ಉಣ್ಣುತ್ತಿರಲಿಲ್ಲ. ಸ್ನಾನ ಮಾಡಿದ ಮೇಲೆ ಯಾರಾದರೂ ಮುಟ್ಟಿದರೆ ಮತ್ತೆ ಸ್ನಾನ. ಚಳಿಗಾಲದಲ್ಲಿ ನಾನು ಬೇಕಂತಲೇ ಮೈಗೆ ಮೈ ತಾಗಿಸಿ ಎರಡೆರಡು ಸಲ ಮೀಯಿಸಿದ್ದುಂಟು. ಆಗ ನನ್ನ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಹೇಗೂ ಮೈಲಿಗೆಯಾಗಿದೆಯಲ್ಲ, ಹೊಡೆಯಲಿಕ್ಕೆ ಅಡ್ಡಿಯಿಲ್ಲ ಎಂಬುದು ಅವಳ ಲೆಕ್ಕ.

ಹಿತ್ತಲ ಪೌಳಿ, ಅಂದರೆ ಸುತ್ತಿನ ಗೋಡೆ, ಬಾದಾಮಿ ಕಡೆಯ ಕೆಂಪು ಕಲ್ಲಿನದು. ಅದರ ಮೇಲೆ ಮಂಗರವಳ್ಳಿ ಹಬ್ಬಿತ್ತು. ನೋಡದವರಿಗೆ ಹೇಳಬೇಕೆಂದರೆ, ಎಲೆ ಲೆಕ್ಕಕ್ಕಿಲ್ಲದ, ನಾಲ್ಕು ಮೂಲೆಯ ಹಸಿರು ದಂಟಿನ ಬಳ್ಳಿ ಅದು. ಬೆರಳುದ್ದಕ್ಕೊಂದು ಗಂಟು. ಥೇಟ್ ಎಲುಬುಗಳನ್ನು ಒಂದಕ್ಕೊಂದು ಜೋಡಿಸಿದಂತೆ ಕಾಣುತ್ತದೆ, ಮುರಿದ ಎಲುಬನ್ನು ಕೂಡಿಸುತ್ತದೆ ಎಂಬ ಹೆಸರೂ ಇದೆ. ಎಳೆಯ ತುದಿಯನ್ನು ಎಣ್ಣೆಯಲ್ಲಿ ಹುರಿದು, ಹುಣಸೆಹಣ್ಣು ಹಾಕಿ ಅಜ್ಜಿ ಚಟ್ನಿ ಅರೆಯುತ್ತಿದ್ದಳು. ಹುಣಸೆಹಣ್ಣು ಕಡಿಮೆ ಬಿದ್ದರೆ ಗಂಟಲೆಲ್ಲ ತುರಿಸುತ್ತಿತ್ತು. ಬಲಿತ ದಂಟು ಮಾತ್ರ ಮದ್ದಿಗೆ.

ಬಳ್ಳಿಯನ್ನು ವರ್ಷಕ್ಕೊಮ್ಮೆ ಸವರಬೇಕು. ಯುಗಾದಿ ಮುಗಿದ ಮೇಲಿನ ಒಂದು ದಿನ ಅಜ್ಜಿ ತುರಿಕೆಯಾಗದಂತೆ ಅಂಗೈಗೆ ಎಣ್ಣೆ ಹಚ್ಚಿಕೊಂಡು ಕುಡಗೋಲು ಹಿಡಿಯುತ್ತಿದ್ದಳು. ನಾನು ದೂರ ನಿಂತು ನೋಡಬೇಕು.

"ಬುಡದ ಮ್ಯಾಲೆ ಎರಡು ಗಂಟು ಬಿಟ್ಟು ಕೊಯ್ಯಬೇಕು ನೋಡು ಕೂಸ. ಜೀವಾ ಎಲ್ಲಾ ಗಂಟಿನಾಗ ಇರ್ತದ. ಗಂಟು ಉಳೀತಂದ್ರ ಮತ್ತ ಚಿಗೀತದ. ಸವರಲಿಲ್ಲ ಅಂದ್ರ ಮುದಿಯಾಗಿ, ತನ್ನ ಭಾರಕ್ಕ ತಾನ ಮುರದು ಸಾಯ್ತದ."

ಕೊಯ್ದ ಬಳ್ಳಿಯಲ್ಲಿ ಬಲಿತದ್ದನ್ನು ನೆರಳಲ್ಲಿ ತೂಗುಹಾಕಿ ಇಡುತ್ತಿದ್ದಳು. ಅದು ಮುತ್ಯಾನ ಪಾಲು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ, ಆದರೆ ಇವನು ನಮ್ಮವನಲ್ಲ. ಬೀರಪ್ಪ ದೇವರ ಒಕ್ಕಲಿನ, ಕುರಿ ಕಾಯುವ ಮುದುಕ. ಹಣೆ ತುಂಬ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ. ಕುರಿಯ ಕಾಲು ಕಟ್ಟುತ್ತ ಕಟ್ಟುತ್ತ ಮನುಷ್ಯರ ಕೈಕಾಲು ಕಟ್ಟುವುದನ್ನೂ ಕಲಿತಿದ್ದ. ಸುತ್ತ ಏಳೆಂಟು ಹಳ್ಳಿಯಲ್ಲಿ ಯಾರ ಎಲುಬು ಮುರಿದರೂ ಅವನೇ. ಕೂಲಿಯೆಂದು ಎಲೆಅಡಿಕೆ ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಹಿತ್ತಲ ಬಾಗಿಲಿಗೆ ಬಂದು, "ಅವ್ವಾರ, ಒಂದೀಟು ಬಳ್ಳಿ ಬೇಕಾಗಿತ್ರಿ" ಎಂದು ಕೂಗುತ್ತಿದ್ದ. ಅವನು ಕಂಬಳಿ ಒಡ್ಡಿದರೆ ಅಜ್ಜಿ ಮೇಲಿನಿಂದ ಅದರೊಳಗೆ ಬಳ್ಳಿ ಬೀಳಿಸುತ್ತಿದ್ದಳು. ಕೈಗೆ ಕೈ ತಾಗಬಾರದು. ಮೂವತ್ತು ವರ್ಷ ಹೀಗೇ ನಡೆದಿತ್ತಂತೆ. ಬೇರೆ ಯಾರ ಜೊತೆಗೂ ಅಜ್ಜಿ ಅಷ್ಟು ಹೊತ್ತು ನಿಂತು ಮಾತಾಡಿದ್ದನ್ನು ನಾನು ನೋಡಿಲ್ಲ. ಮಳೆ, ಕುರಿ, ಯಾರ ಕಾಲು ಎಷ್ಟು ದಿನಕ್ಕೆ ಕೂಡಿತು, ಇಂಥವೇ ಮಾತು. ಮುತ್ಯಾ ಹೋದ ಮೇಲೆ ಅವನು ನಿಂತಿದ್ದ ಕಲ್ಲಿಗೆ ನೀರು ಸುರಿಯುತ್ತಿದ್ದಳು.

ಆ ವರ್ಷ ಯುಗಾದಿಯ ಮರುವಾರ, ಮಂಗಳವಾರ. ಬಳ್ಳಿ ಪೌಳಿಯ ನೆತ್ತಿಯ ಮೇಲೂ ಸೊಕ್ಕಿ ಹಬ್ಬಿತ್ತು. ಅಜ್ಜಿ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಕೊಯ್ಯುತ್ತಿದ್ದಳು. ಕೈಗಿದ್ದ ಎಣ್ಣೆಗೆ ಕುಡಗೋಲು ಜಾರಿತು. ಅದನ್ನು ಹಿಡಿಯಲಿಕ್ಕೆ ಹೋಗಿ ಅವಳೂ ಜಾರಿದಳು. ಬಲಗೈ ಊರಿಕೊಂಡು ಬಿದ್ದಳು. ಒಣ ಕಟ್ಟಿಗೆ ಮುರಿದಂಥ ಸದ್ದು ನನ್ನ ಕಿವಿಗೂ ಕೇಳಿತು. ಎದ್ದು ಕೂತವಳು ಮೊದಲು ನೋಡಿದ್ದು ಕುಡಗೋಲು ಎಲ್ಲಿ ಬಿತ್ತು ಎಂದು. ಆಮೇಲೆ ಕೈ ನೋಡಿಕೊಂಡಳು. ಮಣಿಕಟ್ಟಿನ ಹತ್ತಿರ ಅದು ಬೇರೆ ದಿಕ್ಕಿಗೆ ತಿರುಗಿತ್ತು.

ಅವ್ವ ಆ ದಿನವೇ ಹೊರಗಾಗಿ ಹಿತ್ತಲ ಮೂಲೆಯ ಕೋಣೆಯಲ್ಲಿ ಬೇರೆ ಕೂತಿದ್ದಳು. ಮೂರು ದಿನ ಯಾರನ್ನೂ ಮುಟ್ಟುವಂತಿಲ್ಲ. "ಅಯ್ಯೋ ಅತ್ತಿಯವರ" ಎಂದು ಓಡಿ ಬಂದವಳು ನಾಲ್ಕು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು. ಅಜ್ಜಿ ಎಡಗೈ ಎತ್ತಿ ತಡೆದಿದ್ದಳು. ಮುತ್ಯಾನನ್ನು ಕರೆತರಲು ನಾನೇ ಓಡಿದೆ.

ಮುತ್ಯಾ ಬಿದಿರಿನ ದಬ್ಬೆಗಳ ಕಟ್ಟು ಹಿಡಿದುಕೊಂಡು ನನಗಿಂತ ಮುಂದೆಯೇ ಬಂದ. ಬಂದವನು ವಾಡಿಕೆಯಂತೆ ಹಿತ್ತಲ ಬಾಗಿಲಲ್ಲಿ ನಿಂತ.

"ಅವ್ವಾರ, ಒಳಗ ಬರ್ಲೇನ್ರಿ? ಎಳದು ಕೂಡಸಬೇಕಾಗ್ತೈತಿ."

"ಬ್ಯಾಡ," ಎಂದಳು ಅಜ್ಜಿ. "ನೀ ಅಲ್ಲೇ ನಿಂತು ಹೇಳು. ಕೂಸು ಕಟ್ತದ."

ಮುತ್ಯಾ ದಬ್ಬೆಗಳನ್ನು ಹೊಸ್ತಿಲ ಮೇಲೆ ಇಟ್ಟ. ಎಂದೂ ಅಜ್ಜಿಗೆ ಎದುರು ಮಾತಾಡದವನು ಆವತ್ತು ಆಡಿದ. "ಹುಡುಗಿ ಕೈ ಸಣ್ಣು ಅದಾವ್ರಿ. ಇದು ಬಾಯಿಲೆ ಹೇಳಿ ಮಾಡ್ಸೂ ಕೆಲಸ ಅಲ್ರಿ ಅವ್ವಾರ. ಕುರಿಮರಿ ಕಾಲು ಸೈತ ನಾ ಮುಟ್ಟದ ಕಟ್ಟಂಗಿಲ್ಲ."

"ನಾ ಕುರಿ ಅಲ್ಲ," ಎಂದಳು ಅಜ್ಜಿ. ಮಾತು ಅಲ್ಲಿಗೆ ಮುಗಿಯಿತು.

ನನಗೆ ತಣ್ಣೀರು ಸುರಿದು, ರೇಷ್ಮೆ ಪರಕರ ಉಡಿಸಿ ಮಡಿ ಮಾಡಲಾಯಿತು. ಸುರಿದುಕೊಂಡದ್ದು ನಾನೇ, ಅಜ್ಜಿ ಹೇಳಿದಂತೆ. ಬಳ್ಳಿ ಜಜ್ಜಿ, ಉದ್ದಿನ ಹಿಟ್ಟು ಕಲಸಿದೆ. ಬೇರೆಯವರಿಗಾದರೆ ಮುತ್ಯಾ ಕೋಳಿ ತತ್ತಿಯ ಬಿಳಿಯನ್ನೂ ಹಾಕುತ್ತಿದ್ದ. ನಮ್ಮ ಮನೆಗಾಗಿ ಅದನ್ನು ಬಿಟ್ಟ. ಆಮೇಲೆ ಅವನು ಬಾಗಿಲಾಚೆಯಿಂದ ಹೇಳಿದಂತೆ ನಾನು ಅಜ್ಜಿಯ ಅಂಗೈ ಹಿಡಿದು ಎಳೆದೆ. ಒಳಗೆ ಏನೋ ಕರಕರ ಅಂದಿತು. ಅಜ್ಜಿ ಸೆರಗು ಕಚ್ಚಿಕೊಂಡಿದ್ದಳು, ಒಂದು ಸದ್ದೂ ಬರಲಿಲ್ಲ. ನಾನು ಅಳುತ್ತಿದ್ದೆ. ಅಳುತ್ತಲೇ ಮೆತ್ತಿದೆ, ಅಳುತ್ತಲೇ ದಬ್ಬೆಗಳನ್ನು ಸುತ್ತ ಇಟ್ಟೆ.

"ಅರಿವಿ ಒಣಾದು ಐತಿಲ್ಲೋ ತಂಗಿ?" ಎಂದು ಮುತ್ಯಾ ಕೇಳಿದ. "ಹಸೀದು ಕಟ್ಟಬ್ಯಾಡ. ಒಣಗಿದಂಗೆಲ್ಲ ಹಿಡಕೊಳ್ತೈತಿ."

ಮನೆಯಲ್ಲಿ ಮಡಿಯಲ್ಲಿ ಒಣಗಿಸಿದ ಅರಿವೆ ಇರಲಿಲ್ಲ. ಇದ್ದ ಒಂದೇ ಒಂದನ್ನು ಅಜ್ಜಿ ಉಟ್ಟಿದ್ದಳು. ಪೆಟ್ಟಿಗೆಯಲ್ಲಿದ್ದ ಹಳೆಯ ಧೋತರ ಮೈಲಿಗೆ. ಅದನ್ನು ನೀರಲ್ಲಿ ಅದ್ದಿ ಹಿಂಡಿದರೆ ಮಡಿ. ನಾನು ಪಟ್ಟಿ ಪಟ್ಟಿ ಹರಿದು, ಅದ್ದಿ, ಹಿಂಡಿ ಇಟ್ಟುಕೊಂಡಿದ್ದೆ. ಅಜ್ಜಿ ನನ್ನ ಮುಖ ನೋಡಿದಳು. "ಒಣಾದ ಅದ," ಎಂದು ತಾನೇ ಉತ್ತರ ಕೊಟ್ಟಳು. ನಾನು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೆ, ಮುತ್ಯಾನಿಗೆ ಕಾಣಲಿಲ್ಲ. ಬಿಗಿಯಾಗಿ ಕಟ್ಟು ಅಂದ, ಕಟ್ಟಿದೆ.

ಹೋಗುವಾಗ ಅವನು ನನ್ನನ್ನು ಬಾಗಿಲ ಹತ್ತಿರ ಕರೆದ. "ನೋಡು ತಂಗಿ, ದಿನಾ ಮುಂಜಾನೆ ಬಟ್ಟಿನ ತುದಿ ಮುಟ್ಟಿ ನೋಡು. ಬಿಸಿ ಇದ್ರ ರಕ್ತ ಆಡಾಕತ್ತೈತಿ ಅಂತ ಅರ್ಥ. ತಣ್ಣಗಾದ್ವು ಅಂದ್ರ ಕಟ್ಟು ಕಚ್ಚೇತಿ. ಆಗ ನಾನ ಒಳಗ ಬಂದು ಬಿಚ್ಚಿ ಕಟ್ಟಬೇಕು. ಅದಕ್ಕ ಅವ್ವಾರು ಒಪ್ಪಲಿಲ್ಲಂದ್ರ ಬಾಗಲಕೋಟಿ ದವಾಖಾನಿಗೆ ಒಯ್ಯಬೇಕು. ತಡಾ ಮಾಡಿದ್ರ ಕೈ ಹೋಗ್ತೈತಿ. ತಿಳೀತಿಲ್ಲೋ?"

ತಿಳಿಯಿತು ಎಂದು ತಲೆ ಆಡಿಸಿದೆ. ಖರೆ ಹೇಳುತ್ತೇನೆ, ನನಗೆ ಚೆನ್ನಾಗಿಯೇ ತಿಳಿದಿತ್ತು.

ಬುಧವಾರ ಬೆಳಗ್ಗೆ ಅಜ್ಜಿಯ ಬೆರಳು ಬಾಳೆಹಣ್ಣಿನಷ್ಟು ದಪ್ಪಗಾಗಿದ್ದವು. ಮುಟ್ಟಿದೆ. ತುಂಬಿದ ಕೊಡದ ಹೊರಮೈ ಇರುತ್ತದಲ್ಲ, ಹಾಗೆ ತಣ್ಣಗಿದ್ದವು. ಉದ್ದಿನ ಹಿಟ್ಟು ಒಣಗಿ ಕಲ್ಲಾಗಿತ್ತು, ಅರಿವೆ ಮಾಂಸದೊಳಗೆ ಇಳಿದಿತ್ತು.

"ಅಜ್ಜಿ, ತಣ್ಣಗ ಅವ," ಎಂದೆ. "ಮುತ್ಯಾಗ ಹೇಳಿ ಬರ್ತೀನಿ."

ಅಜ್ಜಿ ಎಡಗೈಯಿಂದ ನನ್ನ ರಟ್ಟೆ ಹಿಡಿದಳು. "ನೀ ಹೇಳಿದ್ರ ಆಂವ ಒಳಗ ಬರ್ತಾನ. ಇಲ್ಲಾ ಅಂದ್ರ ನಿಮ್ಮಪ್ಪ ದವಾಖಾನಿಗೆ ಒಯ್ತಾನ. ಅಲ್ಲೆ ಯಾರ್ಯಾರೋ ಮುಟ್ತಾರ, ಯಾರದೋ ಕೈಯಾಗಿನ ನೀರು ಕುಡಸ್ತಾರ. ನಲವತ್ತು ವರ್ಷ ಕಾದದ್ದು ನೀರಾಗ ಹೋಮ ಮಾಡಿದಂಗ. ನಾಕು ದಿನ ತಡಿ, ಬಾವು ಇಳೀತದ."

"ನಾ ಬಿಚ್ಲೇನು?"

"ಬಿಚ್ಚಿದ್ರ ಎಲುವು ಸೊಟ್ಟಾಗ್ತದ. ಬಲಗೈ ಸೊಟ್ಟಾದ್ರ ನನ್ನ ಅಡಗಿ ಯಾರು ಮಾಡ್ತಾರ? ಯಾರ ಕೇಳಿದ್ರೂ ಬಿಸಿ ಅವ ಅನ್ನು. ನನ್ನ ಆಣಿ ಅದ ನಿನಗ."

ಆಣೆ ಎಂದರೆ ಈಗಿನ ಮಕ್ಕಳಿಗೆ ನಗೆ. ಹತ್ತು ವರ್ಷದ ನನಗೆ ಅದು ನಗೆಯಾಗಿರಲಿಲ್ಲ. ಯಾರ ಮೇಲೆ ಆಣೆ ಹಾಕಿದ್ದಾರೋ, ಮಾತು ಮುರಿದರೆ ಅವರೇ ಸಾಯುತ್ತಾರೆ. ಹೇಳಿದರೆ ಅಜ್ಜಿ ಸಾಯುತ್ತಾಳೆ, ಹೇಳದಿದ್ದರೆ ಅಜ್ಜಿಯ ಕೈ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಾನು ಅಜ್ಜಿಯ ಜೀವ ಆರಿಸಿಕೊಂಡೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಮುತ್ಯಾ. "ಬಟ್ಟು ಬಿಸಿ ಅದಾವೇನ್ ತಂಗಿ?"

"ಬಿಸಿ ಅವ ಮುತ್ಯಾ."

ಗುರುವಾರವೂ ಕೇಳಿದ, ಹೇಳಿದೆ. ಆ ದಿನ ಬೆರಳು ನೀಲಿಯಾಗಿದ್ದವು. ಶುಕ್ರವಾರ ಅಜ್ಜಿ ನೋವೇ ಇಲ್ಲ ಅಂದಳು, ಮುಖ ಗೆಲುವಾಗಿತ್ತು. "ನೋಡಿದ್ಯಾ, ಬಳ್ಳಿ ಕೆಲಸ ಮಾಡಾಕತ್ತದ" ಎಂದಳು. ಅವ್ವ ನಾಲ್ಕನೆಯ ದಿನದ ಸ್ನಾನ ಮಾಡಿ ಒಳಗೆ ಬಂದು, ಹೆಂಗದ ಕೈ ಎಂದು ಮೆಲ್ಲಗೆ ಕೇಳಿದಳು. ಅಜ್ಜಿ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಅತ್ತೆಯ ಸೆರಗು ಸರಿಸಿ ನೋಡುವ ಎದೆ ಅವ್ವನಿಗೆ ಎಲ್ಲಿಂದ ಬರಬೇಕು? ಅವಳೂ ನನ್ನ ಮುಖ ನೋಡಿದಳು. "ಬಿಸಿ ಅದ" ಎಂದೆ. ಮೂರು ದಿನದಲ್ಲಿ ಆ ಮಾತು ನನಗೆ ರೂಢಿಯಾಗಿ ಹೋಗಿತ್ತು. ಶನಿವಾರ ಬೆಳಗ್ಗೆ ಮುತ್ಯಾ ಕೇಳಿ ಮುಗಿಸುವ ಮೊದಲೇ ಹೇಳಿಬಿಟ್ಟೆ.

ಸಂಜೆ ಬಂದ ಅಪ್ಪನಿಗೆ ಪಡಸಾಲೆಗೆ ಕಾಲಿಟ್ಟ ಕೂಡಲೇ ವಾಸನೆ ಹತ್ತಿತು. ಅಜ್ಜಿ ಬೈದಳು, ಬೇಡಿದಳು. ಅಪ್ಪ ಕೇಳದೆ ಸೆರಗು ಎಳೆದ. ಬೆರಳು ಇದ್ದಿಲಿನಂತೆ ಕಪ್ಪಗಾಗಿದ್ದವು. ಮರುದಿನ ಬೆಳಗ್ಗೆ ಚಕ್ಕಡಿಯಲ್ಲಿ ಕೆರೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಬಾಗಲಕೋಟೆಗೆ. ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡು ನಮ್ಮಿಂದ ದೂರ ಸರಿದು ಕೂತರು. ಜೀವಮಾನವೆಲ್ಲ ಬೇರೆಯವರನ್ನು ದೂರ ಇಟ್ಟವಳು ಅದನ್ನು ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಡಾಕ್ಟರು ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಕತ್ತರಿಸಿದರು. ಎರಡು ದಿನ ಮೊದಲು ತಂದಿದ್ದರೆ ಉಳಿಸುತ್ತಿದ್ದೆ ಎಂದು ಅಪ್ಪನಿಗೆ ಹೇಳಿದರು. ನಾನು ಅಲ್ಲೇ ನಿಂತಿದ್ದೆ.

ಮನೆಗೆ ಬಂದ ಮೇಲೆ ಪಂಚಗವ್ಯ ಕುಡಿದು ಅಜ್ಜಿ ಶುದ್ಧಳಾದಳು. ಆದರೆ ಅಡಿಗೆ ಮಾಡಿಕೊಳ್ಳಲು ಕೈ ಇರಲಿಲ್ಲ. ಎಡಗೈಯಿಂದ ಉಣ್ಣುವುದು ಸತ್ತರೂ ಆಗದ ಮಾತು. ಹಾಗಾಗಿ ಅವ್ವ ಒದ್ದೆ ಸೀರೆಯಲ್ಲಿ ಬೇಯಿಸಿದ್ದನ್ನು ನಾನು ಕಲಸಿ ತುತ್ತು ಮಾಡಿ ಅವಳ ಬಾಯಿಗೆ ಇಡುತ್ತಿದ್ದೆ. ಎರಡು ವರ್ಷ ಇಟ್ಟೆ. ಅಜ್ಜಿ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟಿತ್ತು. ಕೆಲವು ದಿನ ತುತ್ತನ್ನು ಬೇಕಂತಲೇ ದೊಡ್ಡದು ಮಾಡುತ್ತಿದ್ದೆ. ಅವಳಿಗೂ ಅದು ಗೊತ್ತಾಗುತ್ತಿತ್ತು. ಇಬ್ಬರೂ ಆ ನಾಲ್ಕು ದಿನದ ಮಾತನ್ನು ಎತ್ತಲಿಲ್ಲ.

ಊರಿಗೆ ಒಬ್ಬ ತಪ್ಪಿತಸ್ಥ ಬೇಕಾಗಿದ್ದ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಮುತ್ಯಾನ ಎದುರು ನಿಂತು ಅಪ್ಪ ನಾಲ್ಕು ಜನರ ಮುಂದೆ ಬೈದ. "ನಿನ್ನ ಕಟ್ಟು ನಮ್ಮವ್ವನ ಕೈ ತಿಂತು. ಕುರಿ ಕಾಯೂದು ಬಿಟ್ಟು ಮಂದಿ ಎಲುವು ಯಾಕ ಮುಟ್ತೀ?" ಮುಟ್ಟಿರಲೇ ಇಲ್ಲ ಅವನು. ಅಪ್ಪನಿಗೂ ಅದು ಗೊತ್ತಿತ್ತು. ಸಿಟ್ಟಿನಲ್ಲಿ ಮರೆತುಹೋಗಿತ್ತು, ಅಥವಾ ಮರೆತದ್ದೇ ಅನುಕೂಲವಾಗಿತ್ತು.

ಮರುದಿನ ಮುತ್ಯಾ ಹಿತ್ತಲ ಬಾಗಿಲಿಗೆ ಬಂದ. ನಾನು ಅಜ್ಜಿಗೆ ಉಣಿಸುತ್ತಿದ್ದೆ. ಅವನು ಅಜ್ಜಿಯ ಮೊಂಡುಗೈಯನ್ನು ಒಂದು ಸಲ ನೋಡಿ, ಕಣ್ಣು ತೆಗೆದು, ನನ್ನನ್ನು ಕೇಳಿದ.

"ತಂಗಿ, ನೀ ಸುಳ್ಳ ಹೇಳಾಕಿ ಅಲ್ಲ. ಒಂದ ಸಲ ನೆನಪ ಮಾಡಿ ಹೇಳು. ಬಟ್ಟು ಬಿಸಿ ಇದ್ದುವಾ?"

ನನ್ನ ಕೈಯಲ್ಲಿ ತುತ್ತು ಇತ್ತು. ಅಜ್ಜಿ ಬಾಯಿ ತೆರೆದವಳು ಹಾಗೇ ನನ್ನನ್ನು ನೋಡುತ್ತಿದ್ದಳು. ಅವಳೇ ಹೇಳಬಹುದಿತ್ತು. ಮೂವತ್ತು ವರ್ಷ ಅವನ ಕಂಬಳಿಗೆ ಬಳ್ಳಿ ಹಾಕಿದವಳು, ಒಂದು ಮಾತು ಹಾಕಬಹುದಿತ್ತು. ಹಾಕಲಿಲ್ಲ.

"ಬಿಸಿ ಇದ್ವು," ಎಂದೆ.

ಮುತ್ಯಾ ಹೆಗಲ ಕಂಬಳಿ ಸರಿಮಾಡಿಕೊಂಡ. "ಹಂಗಾರ ತಪ್ಪು ನಂದ ಐತಿ," ಎಂದ. "ಬಾಯಿಲೆ ಹೇಳಿ ಕಟ್ಟಸಬಾರದಿತ್ತು. ಎಲ್ಲೆರ ಒಂದು ಮಾತು ತಪ್ಪಿ ಹೇಳೇನಿ." ಅಜ್ಜಿಗೆ ಕೈ ಮುಗಿದು ಹೋದ. ಆವತ್ತು ಅವನು ನಿಂತ ಕಲ್ಲಿಗೆ ನೀರು ಹಾಕುವವರು ಇರಲಿಲ್ಲ.

ಆಮೇಲೆ ಅವನು ಯಾರ ಎಲುಬನ್ನೂ ಕಟ್ಟಲಿಲ್ಲ. ಮರುವರ್ಷ ನನ್ನ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದ ಗೆಳತಿ ಹುಣಸೆ ಗಿಡದಿಂದ ಬಿದ್ದು ಕಾಲು ಮುರಿದುಕೊಂಡಳು. ಅವರಪ್ಪ ಮುತ್ಯಾನ ಬಾಗಿಲಿಗೆ ಹೋಗಿ ಕಾಲಿಗೆ ಬಿದ್ದನಂತೆ. "ನನ್ನ ಕೈಯಾಗ ಗುಣಾ ಹೋಗೇತಿ, ದವಾಖಾನಿಗೆ ಒಯ್ಯಿ" ಎಂದು ಕಳಿಸಿದ. ಅವರು ಒಯ್ಯಲಿಲ್ಲ. ಅಲ್ಲಿಗೆ ಹೋದರೆ ಕಡಿದು ಕಳಿಸುತ್ತಾರೆ ಎಂಬ ಹೆದರಿಕೆ. ನಮ್ಮಜ್ಜಿಯನ್ನು ಊರೆಲ್ಲ ನೋಡಿತ್ತಲ್ಲ. ಕಾಲು ಸೊಟ್ಟಕ್ಕೆ ಕೂಡಿತು. ಅವಳು ನೀರಿಗೆ ಹೋಗುವಾಗ ಕೊಡ ತುಳುಕಿ ಸೊಂಟವೆಲ್ಲ ಒದ್ದೆಯಾಗುತ್ತಿತ್ತು. ನನ್ನನ್ನು ಕಂಡರೆ ನಗುತ್ತಿದ್ದಳು. ಅವಳ ಹಿಂದೆ ನಡೆಯುವುದು ನನ್ನಿಂದ ಆಗುತ್ತಿರಲಿಲ್ಲ, ಮುಂದೆ ಮುಂದೆ ಓಡಿಬಿಡುತ್ತಿದ್ದೆ.

ಅಜ್ಜಿ ಸತ್ತದ್ದು ನನ್ನ ಹನ್ನೆರಡನೆಯ ವರ್ಷದಲ್ಲಿ, ಶ್ರಾವಣದಲ್ಲಿ. ಆಣೆ ನೆನಪಾಯಿತು. ಇನ್ನು ಮಾತು ಮುರಿದರೆ ಸಾಯುವವರು ಯಾರೂ ಇರಲಿಲ್ಲ. ದಿನಕರ್ಮ ಮುಗಿಯಲಿ, ಹೋಗಿ ಹೇಳುತ್ತೇನೆ ಎಂದುಕೊಂಡೆ. ದೀಪಾವಳಿ ಆಗಲಿ ಎಂದುಕೊಂಡೆ. ಅಪ್ಪ ನಾಲ್ಕು ಜನರ ಮುಂದೆ ಬೈದದ್ದಕ್ಕೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಗೆಳತಿಯ ಮನೆಯವರು ನನ್ನನ್ನು ಏನೆನ್ನುತ್ತಾರೆ? ಆಣೆಯ ಹೆದರಿಕೆ ಹೋದಲ್ಲಿ ಮರ್ಯಾದೆಯ ಹೆದರಿಕೆ ಬಂದು ಕೂತಿತ್ತು. ಮೊದಲಿನದಕ್ಕೆ ಹತ್ತು ವರ್ಷದ ಹುಡುಗಿ ಎಂಬ ನೆಪವಾದರೂ ಇದೆ. ಎರಡನೆಯದಕ್ಕೆ ನಾನು ಯಾವ ನೆಪವನ್ನೂ ಹುಡುಕುವುದಿಲ್ಲ.

ಮುತ್ಯಾ ಆಮೇಲೆ ನಾಲ್ಕು ವರ್ಷ ಬದುಕಿದ್ದ. ದಿನಾ ಸಂಜೆ ಕುರಿ ಹೊಡೆದುಕೊಂಡು ನಮ್ಮ ಪೌಳಿಯ ಆಚೆಯಿಂದಲೇ ಹೋಗುತ್ತಿದ್ದ. ಬಳ್ಳಿಯನ್ನು ಸವರುವವರಿರಲಿಲ್ಲ, ಕೇಳಿಕೊಂಡು ಬರುವವರೂ ಇರಲಿಲ್ಲ. ಅದು ಪೌಳಿಯ ಉದ್ದಕ್ಕೂ ಹೇರಿಕೊಂಡು, ಬುಡದಲ್ಲಿ ಕಟ್ಟಿಗೆಯಾಗಿ, ಗಾಳಿ ಬಂದಾಗ ಗಂಟುಗಂಟಿಗೆ ಮುರಿದು ಬೀಳುತ್ತಿತ್ತು. ನನ್ನ ಮದುವೆ ಗೊತ್ತಾದ ವರ್ಷ, ಯುಗಾದಿ ಕಳೆದ ಮೇಲಿನ ಒಂದು ಸಂಜೆ, ನಾನು ಹಿತ್ತಲಲ್ಲಿ ಅರಿವೆ ತೆಗೆಯುತ್ತಿದ್ದೆ. ಪೌಳಿಯ ಆಚೆ ಕುರಿಗಳ ಸದ್ದು ನಿಂತಿತು. ಭಂಡಾರದ ಹಣೆ ಪೌಳಿಯ ಮೇಲೆ ಕಂಡಿತು.

"ಯವ್ವಾ ತಂಗಿ, ಬಳ್ಳಿ ಸವರ್ರಿ. ಭಾಳ ಮುದಿ ಆಗೇತಿ. ಹಿಂಗ ಬಿಟ್ರ ಸಾಯ್ತೈತಿ."

ನಮ್ಮಿಬ್ಬರ ನಡುವೆ ಒಂದು ಮೊಳ ಅಗಲದ ಕಲ್ಲು. ಸುತ್ತ ಯಾರೂ ಇರಲಿಲ್ಲ. ಅವನು ನನ್ನ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದ, ಹಿಂದೆ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಂತೆಯೇ.

"ಹೂಂ ಮುತ್ಯಾ, ಸವರ್ತೀನಿ," ಎಂದೆ. ಅಷ್ಟೇ ಹೇಳಿದೆ.